ಕೀಲು ಕಟ್ಟುವುದೋ, ಕೀಲು ಕೂಡಿಸುವುದೋ

ಕುತ್ತಿಗೆಯ ಎರಡು ಮಣಿಗಳನ್ನು ಸ್ಕ್ರೂ ಹಾಕಿ ಒಂದಾಗಿಸಿದರೆ ಮುಂದೆ ಗೋಣು ತಿರುಗುವುದೇ ಇಲ್ಲ ಎಂಬ ಭಯ ಬಹಳ ಮಂದಿಗಿದೆ. ಆದರೆ ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬೀದಿಯಲ್ಲಿ ಯಾರಾದರೂ ಕರೆದರೆ ಮೊದಲಿನಂತೆಯೇ ಗೋಣು ಹೊರಳಿಸಿ ನೋಡುತ್ತಾರೆ. ಒಂದು ಕೀಲು ಕಟ್ಟಿದರೂ ಗೋಣು ತಿರುಗುವುದು ಹೇಗೆ? ತಿರುಗುವುದೇ ಆದರೆ, ಕೀಲಿನ ಚಲನೆ ಉಳಿಸುವ ಕೃತಕ ಬಿಲ್ಲೆಯನ್ನು ಅಷ್ಟು ಕಷ್ಟಪಟ್ಟು ಮಾಡುವ ಅಗತ್ಯವೇನಿತ್ತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಎರಡು ಚಿಕಿತ್ಸೆಗಳ ನಡುವಿನ ಆಯ್ಕೆ ಅರ್ಧಕ್ಕಿಂತ ಹೆಚ್ಚು ಮುಗಿದಂತೆ.

ನಂದಿಕೋಲು ಮತ್ತು ಬೀಸುಕಲ್ಲು

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಗುಡಿಯ ಜಾತ್ರೆಯಲ್ಲಿ ನಂದಿಕೋಲುಗಳ ಮೆರವಣಿಗೆ ಹೊರಡುತ್ತದೆ. ಕೋಲು ನೆಟ್ಟಗಿರುವ ತನಕ ಅದರ ಭಾರ ನೇರವಾಗಿ ನೆಲಕ್ಕಿಳಿಯುತ್ತದೆ. ತುಸು ವಾಲಿತೋ, ಹೊತ್ತವನ ರಟ್ಟೆ, ಬೆನ್ನು ಎರಡೂ ಸೆಣಸಬೇಕು. ಮನುಷ್ಯನ ತಲೆಯದೂ ಇದೇ ಲೆಕ್ಕ. ತಲೆಯ ತೂಕ ಸುಮಾರು 5 ಕಿಲೋ. ಅದು ಭುಜಗಳ ನೇರಕ್ಕೆ ನಿಂತಾಗ ಕುತ್ತಿಗೆಗೆ ಅಷ್ಟೇ ಭಾರ. ಮೊಬೈಲಿನತ್ತಲೋ ಹೊಲಿಗೆಯಂತ್ರದತ್ತಲೋ ಬಗ್ಗಿದಾಗ ತಲೆ ಮುಂದಕ್ಕೆ ಬೀಳದಂತೆ ಹಿಂದಿನ ಸ್ನಾಯುಗಳು ಎಳೆದು ಹಿಡಿಯುತ್ತವೆ. ಆಗ ತಲೆಯ ಭಾರಕ್ಕೆ ಆ ಎಳೆತವೂ ಸೇರಿ ಮಣಿಗಳ ಮೇಲೆ ಕೂರುತ್ತದೆ.

ಕುತ್ತಿಗೆಯಲ್ಲಿ ಏಳು ಮಣಿಗಳಿವೆ. ಮೇಲಿನ ಎರಡರ ರಚನೆಯೇ ಬೇರೆ. ಮೊದಲನೆಯದು ಬಳೆಯಂಥ ಉಂಗುರ, ಎರಡನೆಯದರ ಮೇಲೊಂದು ಮೂಳೆಯ ಗೂಟ. ಬೀಸುಕಲ್ಲಿನ ಮೇಲ್ಗಲ್ಲು ಕೆಳಗಲ್ಲಿನ ಗೂಟದ ಸುತ್ತ ತಿರುಗುವ ಹಾಗೆ ಉಂಗುರ ಈ ಗೂಟದ ಸುತ್ತ ತಿರುಗುತ್ತದೆ. ಗೋಣು ಎಡಕ್ಕೆ ಬಲಕ್ಕೆ ಹೊರಳುವುದರಲ್ಲಿ ಸುಮಾರು ಅರ್ಧ ಪಾಲು ಈ ಒಂದೇ ಕೀಲಿನದು. ಹೌದೆಂದು ತಲೆಯಾಡಿಸುವ ಚಲನೆಯ ಒಳ್ಳೆಯ ಪಾಲು ತಲೆಬುರುಡೆಗೂ ಉಂಗುರಕ್ಕೂ ನಡುವೆ ನಡೆಯುತ್ತದೆ. ಉಳಿದದ್ದನ್ನು ಕೆಳಗಿನ ಕೀಲುಗಳು ಹಂಚಿಕೊಳ್ಳುತ್ತವೆ.

ಸವೆತ ಹೆಚ್ಚಾಗಿ ಕಾಣುವುದು 5 ಮತ್ತು 6ನೆಯ ಮಣಿಗಳ ನಡುವೆ, 6 ಮತ್ತು 7ನೆಯ ಮಣಿಗಳ ನಡುವೆ. ಶಸ್ತ್ರಚಿಕಿತ್ಸೆ ನಡೆಯುವುದೂ ಬಹುಪಾಲು ಅಲ್ಲಿಯೇ. ಈ ಶಸ್ತ್ರಚಿಕಿತ್ಸೆಯಲ್ಲಿ ಮೇಲಿನ ಬೀಸುಕಲ್ಲಿಗೆ ಯಾರೂ ಕೈಹಚ್ಚುವುದಿಲ್ಲ. ಹಾಗಾಗಿ ಕೆಳಗಿನ ಒಂದು ಕೀಲು ಕಟ್ಟಿದರೆ ಕಳೆಯುವ ಚಲನೆ ದಿನನಿತ್ಯದ ಬದುಕಿನಲ್ಲಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಮೊದಲ ಪ್ರಶ್ನೆಗೆ ಇದೇ ಉತ್ತರ.

ದ್ರಾಕ್ಷಿ ಬಾಡಿದಾಗ

ಎರಡನೆಯ ಮಣಿಯಿಂದ ಕೆಳಗೆ, ಒಂದೊಂದು ಜೋಡಿಯ ನಡುವೆ ಒಂದೊಂದು ಮೆತ್ತೆ ಇದೆ. ವೈದ್ಯರು ಡಿಸ್ಕ್ ಎನ್ನುವ ಇದನ್ನು ಇಲ್ಲಿ ಬಿಲ್ಲೆ ಎನ್ನಬಹುದು. ಕುತ್ತಿಗೆಯ ಪಾಲಿಗೆ ಇಂಥ ಬಿಲ್ಲೆಗಳು ಆರು. ಬಿಲ್ಲೆಯ ಒಳಗೆ ನೀರು ತುಂಬಿದ ಲೋಳೆಯಂಥ ತಿರುಳು, ಸುತ್ತಲೂ ಈರುಳ್ಳಿಯ ಪದರಗಳಂತೆ ಸುತ್ತಿಕೊಂಡ ಗಟ್ಟಿ ನಾರಿನ ಬಳೆ.

ಬೆಳೆದವರ ಬಿಲ್ಲೆಯ ತಿರುಳಿಗೆ ರಕ್ತನಾಳಗಳಿಲ್ಲ. ಮೇಲಿನ, ಕೆಳಗಿನ ಮಣಿಗಳ ಅಂಚಿನಿಂದ ಪೋಷಕಾಂಶಗಳು ಒಸರುತ್ತ ಒಳಬರಬೇಕು. ಹಗಲೆಲ್ಲ ಭಾರ ಬಿದ್ದಾಗ ನೀರು ಹೊರಹೋಗುತ್ತದೆ, ರಾತ್ರಿ ಮಲಗಿದಾಗ ಮರಳುತ್ತದೆ. ಇಡೀ ಬೆನ್ನೆಲುಬಿನ ಬಿಲ್ಲೆಗಳೆಲ್ಲ ಹೀಗೆ ತಗ್ಗುವುದರಿಂದ ಮನುಷ್ಯ ಸಂಜೆಗೆ ಬೆಳಗಿಗಿಂತ ಸುಮಾರು 1 ಸೆಂಟಿಮೀಟರು ಕುಳ್ಳಾಗಿರುತ್ತಾನೆ.

ವಯಸ್ಸಾದಂತೆ ಈ ಹೋಗಿಬರುವ ಲೆಕ್ಕದಲ್ಲಿ ಬರುವುದು ಕಡಿಮೆಯಾಗುತ್ತದೆ. ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ನೀರು ಹೋದ ಹಣ್ಣು ಕುಗ್ಗುತ್ತದೆ, ಸಿಪ್ಪೆ ಸುಕ್ಕುಗಟ್ಟುತ್ತದೆ. ಬಿಲ್ಲೆ ಅಷ್ಟು ಒಣಗುವುದಿಲ್ಲ: ಎಳೆತನದಲ್ಲಿ ತಿರುಳಿನ ಶೇ 90ರ ಹತ್ತಿರ ನೀರಿದ್ದರೆ ಮುಪ್ಪಿನಲ್ಲಿ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಪರಿಣಾಮಕ್ಕೆ ಅಷ್ಟೇ ಸಾಕು. ಬಿಲ್ಲೆ ತಗ್ಗುತ್ತದೆ, ನಾರಿನ ಬಳೆ ಬಿರುಕು ಬಿಡುತ್ತದೆ, ಒಮ್ಮೊಮ್ಮೆ ಬಿರುಕಿನಿಂದ ತಿರುಳು ಹೊರಕ್ಕೆ ಜಾರುತ್ತದೆ. ಮಣಿಗಳ ಅಂಚಿನಲ್ಲಿ ಮೂಳೆಯ ಮುಳ್ಳುಗಳು ಮೊಳೆಯುತ್ತವೆ. ‘ಮಣಕ ಸವದೈತಿ’ ಎಂಬ ಮಾತಿನಲ್ಲಿ ಮಣಿಯ ಮೇಲೆ ಹೊರಿಸುವ ದೂರು ಮೊದಲಿಗೆ ಬಿಲ್ಲೆಯದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಒಂದೊಂದು ಬಿಲ್ಲೆಯ ಹಿಂಬದಿಯ ಎರಡು ಮಗ್ಗುಲಲ್ಲೂ ಒಂದೊಂದು ಕಿಂಡಿ ಇದೆ. ಬೆನ್ನುಹುರಿಯಿಂದ ಹೊರಟ ನರದ ಬೇರು ಈ ಕಿಂಡಿಯಿಂದ ತೋಳಿಗೆ ಇಳಿಯುತ್ತದೆ. ಜಾರಿದ ತಿರುಳೋ ಮೂಳೆಮುಳ್ಳೋ ಅಲ್ಲಿ ನರವನ್ನು ಒತ್ತಿದರೆ ನೋವು ಕಾಣಿಸಿಕೊಳ್ಳುವುದು ಕುತ್ತಿಗೆಯಲ್ಲಿ ಮಾತ್ರವಲ್ಲ, ಆ ನರ ಮುಟ್ಟುವ ಬೆರಳಿನವರೆಗೂ. 5–6ರ ನಡುವೆ ಒತ್ತಿದರೆ ಹೆಬ್ಬೆರಳಿನ ಕಡೆ ಜುಮುಗುಡುತ್ತದೆ, 6–7ರ ನಡುವೆ ಒತ್ತಿದರೆ ನಡುಬೆರಳು. ತಪ್ಪು ಕುತ್ತಿಗೆಯದು, ಶಿಕ್ಷೆ ಬೆರಳಿಗೆ.

ತಲೆಯನ್ನು ಹಿಂದಕ್ಕೆ ಚೆಲ್ಲಿದಾಗ ಈ ಕಿಂಡಿಗಳು ಕಿರಿದಾಗುತ್ತವೆ. ದ್ರಾಕ್ಷಿಯ ಚಪ್ಪರದಡಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುವವರು ತಾಸುಗಟ್ಟಲೆ ಮುಖ ಮೇಲಕ್ಕೆತ್ತಿ, ಕೈ ಚಾಚಿ ಕತ್ತರಿ ಆಡಿಸುತ್ತಾರೆ. ಕಿಂಡಿ ಮೊದಲೇ ಕಿರಿದಾಗಿರುವವರಿಗೆ ಆಗಲೇ ತೋಳಿನಲ್ಲಿ ಮಿಂಚು ಹರಿದಂತಾಗುತ್ತದೆ. ಇಂಥವರಲ್ಲಿ ಕೆಲವರು ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ಕೂರುತ್ತಾರೆ. ನೋಡುವವರಿಗೆ ಅದು ಚಿಂತೆಯ ಭಂಗಿ, ಅವರಿಗೆ ನೆಮ್ಮದಿಯ ಭಂಗಿ: ಕೈ ಮೇಲಿದ್ದಾಗ ನರದ ಬಿಗಿತ ಸಡಿಲವಾಗುತ್ತದೆ. ವೈದ್ಯರಿಗೆ ಇದೊಂದು ಸುಳಿವು.

ಬಿಲ್ಲೆ ನೇರ ಹಿಂದಕ್ಕೆ ಉಬ್ಬಿ ಬೆನ್ನುಹುರಿಯನ್ನೇ ಒತ್ತಿದರೆ ಸಂಗತಿ ಗಂಭೀರ. ಆಗ ನೋವು ಹೆಚ್ಚಿರಬೇಕೆಂದೇನಿಲ್ಲ. ಅಂಗಿಯ ಗುಂಡಿ ಹಾಕಲು ಬಾರದಿರುವುದು, ರೊಟ್ಟಿ ತಟ್ಟುವ ಕೈ ಹದ ತಪ್ಪುವುದು, ಕತ್ತಲಲ್ಲಿ ನಡಿಗೆ ತಡವರಿಸುವುದು, ಮೂತ್ರ ತಡೆಯಲಾಗದಿರುವುದು ಇದರ ಲಕ್ಷಣಗಳು. ಇಂಥ ಒತ್ತಡವನ್ನು ಬಹುಕಾಲ ಹಾಗೇ ಬಿಟ್ಟರೆ ಕಳೆದ ಶಕ್ತಿ ಪೂರ್ತಿ ಮರಳದೇ ಹೋಗಬಹುದು.

ಚಿತ್ರ ಹೇಳುವುದೆಲ್ಲ ರೋಗವಲ್ಲ

ಎಂಆರ್‌ಐ ವರದಿಯಲ್ಲಿ ಬಿಲ್ಲೆ ಉಬ್ಬಿದೆ ಎಂದು ಕಂಡ ಕೂಡಲೇ ಶಸ್ತ್ರಚಿಕಿತ್ಸೆ ಎನ್ನುವಂತಿಲ್ಲ. 1990ರಲ್ಲಿ ಅಮೆರಿಕದಲ್ಲಿ ಕುತ್ತಿಗೆಯ ಯಾವ ದೂರೂ ಇಲ್ಲದ 63 ಜನರ ಚಿತ್ರ ತೆಗೆದಾಗ 40ರ ಕೆಳಗಿನವರಲ್ಲಿ ಶೇ 14ರಷ್ಟು, ಮೇಲಿನವರಲ್ಲಿ ಶೇ 28ರಷ್ಟು ಮಂದಿಯಲ್ಲಿ ದೊಡ್ಡ ದೋಷಗಳು ಕಂಡವು. 1998ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, 60 ದಾಟಿದ ಆರೋಗ್ಯವಂತರಲ್ಲಿ ಶೇ 85ಕ್ಕೂ ಹೆಚ್ಚು ಮಂದಿಯ ಬಿಲ್ಲೆಗಳು ಸವೆದಿದ್ದವು. ಸವೆತ ನರೆಗೂದಲಿನಂತೆ, ವಯಸ್ಸಿನ ಗುರುತು. ಚಿತ್ರದಲ್ಲಿ ಕಾಣುವ ಒತ್ತಡವೂ ಬೆರಳು ಹೇಳುವ ದೂರೂ ಒಂದೇ ನರದತ್ತ ಕೈ ತೋರಿದಾಗಷ್ಟೇ ಆ ಚಿತ್ರಕ್ಕೆ ಅರ್ಥ.

ನರಬೇರಿನ ನೋವಿನಲ್ಲಿ ಹೆಚ್ಚಿನವು ಔಷಧಿ, ವ್ಯಾಯಾಮ, ಕಾಲ ಇವುಗಳಿಂದಲೇ ತಗ್ಗುತ್ತವೆ. ಮುಂದೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ನಿರ್ದೇಶಕರಾದ ನರವೈದ್ಯ ಕೆ. ರಾಧಾಕೃಷ್ಣನ್ ಮತ್ತು ಸಂಗಡಿಗರು ಅಮೆರಿಕದ ರೋಚೆಸ್ಟರ್ ಊರಿನ 561 ರೋಗಿಗಳ ದಾಖಲೆ ಕೂಡಿಹಾಕಿ 1994ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಆದದ್ದು ಸುಮಾರು ಕಾಲು ಭಾಗ ಜನರಿಗೆ. ಆದರೂ ಕೊನೆಯ ತಪಾಸಣೆಯ ಹೊತ್ತಿಗೆ ಶೇ 90ರಷ್ಟು ಮಂದಿಗೆ ತೊಂದರೆ ಇರಲಿಲ್ಲ ಅಥವಾ ಅಲ್ಪವಿತ್ತು. ವಾರಗಟ್ಟಲೆ ಚಿಕಿತ್ಸೆಗೂ ಬಗ್ಗದ ತೋಳುನೋವು, ಹೆಚ್ಚುತ್ತಿರುವ ನಿಶ್ಶಕ್ತಿ, ಬೆನ್ನುಹುರಿಯ ಒತ್ತಡ ಇವು ಶಸ್ತ್ರಚಿಕಿತ್ಸೆಯ ಕಡೆಗೆ ಒಯ್ಯುವ ಕಾರಣಗಳು. ನರದ ಲಕ್ಷಣಗಳಿಲ್ಲದ ಬರೀ ಕುತ್ತಿಗೆ ನೋವಿಗೆ ಕೀಲು ಕಟ್ಟುವ ಬೆಸುಗೆಯಾಗಲಿ ಬಿಲ್ಲೆ ಬದಲಿಯಾಗಲಿ ಭರವಸೆಯ ಮದ್ದಲ್ಲ. ಎರಡೂ ಹುಟ್ಟಿದ್ದು ನರವನ್ನು ಬಿಡಿಸಲು.

ದಾರಿ ಒಂದೇ, ಕೊನೆಯ ಹೆಜ್ಜೆ ಬೇರೆ

ಎರಡು ಶಸ್ತ್ರಚಿಕಿತ್ಸೆಗಳೂ ಮುಕ್ಕಾಲು ದಾರಿ ಒಟ್ಟಿಗೇ ನಡೆಯುತ್ತವೆ. ಕುತ್ತಿಗೆಯ ಮುಂಭಾಗದಲ್ಲಿ, ಚರ್ಮದ ಮಡಿಕೆಯ ಗುಂಟ ಚಿಕ್ಕ ಗಾಯ ಮಾಡಿ, ಅನ್ನನಾಳ ಮತ್ತು ಶ್ವಾಸನಾಳವನ್ನು ಒಂದು ಕಡೆಗೂ ದೊಡ್ಡ ರಕ್ತನಾಳವನ್ನು ಇನ್ನೊಂದು ಕಡೆಗೂ ಸರಿಸಿ ಮಣಿಗಳನ್ನು ತಲುಪುತ್ತಾರೆ. ಸೂಕ್ಷ್ಮದರ್ಶಕದಡಿ ಕೆಟ್ಟ ಬಿಲ್ಲೆಯನ್ನೂ ಮೂಳೆಮುಳ್ಳನ್ನೂ ತೆಗೆದು ನರವನ್ನು ಬಿಡಿಸುತ್ತಾರೆ. ತೋಳುನೋವು ಕಳೆಯುವುದು ಈ ಬಿಡುಗಡೆಯಿಂದ. ಕೆಲವು ದಿನ ಧ್ವನಿ ಗೊಗ್ಗರಾಗುವುದು, ನುಂಗಲು ತೊಡಕಾಗುವುದು ಎರಡರಲ್ಲೂ ಉಂಟು, ಏಕೆಂದರೆ ದಾರಿ ಒಂದೇ.

ಈಗ ಎರಡು ಮಣಿಗಳ ನಡುವೆ ಖಾಲಿ ಜಾಗ ಉಳಿದಿದೆ. ಅದನ್ನು ಯಾವುದರಿಂದ ತುಂಬುವುದು? ಇಡೀ ಚರ್ಚೆ ಇರುವುದು ಇಷ್ಟರಲ್ಲೇ.

ಕಟ್ಟುವ ಬಗೆ: ಬೆಸುಗೆ

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ರಾಬರ್ಟ್ ರಾಬಿನ್ಸನ್ ಮತ್ತು ಜಾರ್ಜ್ ಸ್ಮಿತ್ 1955ರಲ್ಲಿ, ಹೊನೊಲುಲುವಿನ ರಾಲ್ಫ್ ಕ್ಲೋವರ್ಡ್ 1958ರಲ್ಲಿ ಮುಂಬದಿಯಿಂದ ಮಾಡುವ ಬೆಸುಗೆಯನ್ನು ವರದಿ ಮಾಡಿದರು. ರೋಗಿಯ ಸೊಂಟದ ಮೂಳೆಯ ತುಣುಕನ್ನು ಖಾಲಿ ಜಾಗದಲ್ಲಿ ಕೂರಿಸಿದರೆ, ಮುರಿದ ಕೈ ಕೂಡಿಕೊಳ್ಳುವಂತೆ ಮೇಲಿನ, ಕೆಳಗಿನ ಮಣಿಗಳು ಅದರೊಡನೆ ಬೆರೆತು ಒಂದೇ ಮೂಳೆಯಾಗುತ್ತವೆ. ಈಗ ಸೊಂಟಕ್ಕೆ ಗಾಯ ಮಾಡದೆ, ಮೂಳೆಪುಡಿ ತುಂಬಿದ ಪ್ಲಾಸ್ಟಿಕ್ಕಿನ ಅಥವಾ ಟೈಟಾನಿಯಂನ ಪುಟ್ಟ ಪಂಜರ ಇಡುವುದು ರೂಢಿ. ಜೊತೆಗೆ ಮುಂದಿನಿಂದ ಲೋಹದ ಪಟ್ಟಿ, ಸ್ಕ್ರೂ.

ಸ್ಕ್ರೂಗಳ ಕೆಲಸ ತಾತ್ಕಾಲಿಕ. ಗಾರೆ ಗಟ್ಟಿಯಾಗುವ ತನಕ ಕಟ್ಟಡಕ್ಕೆ ಕೊಡುವ ಆಸರೆಯಂತೆ, ಮೂಳೆ ಬೆಳೆಯುವ ಕೆಲವು ತಿಂಗಳು ಅವು ಮಣಿಗಳನ್ನು ಅಲುಗದಂತೆ ಹಿಡಿದಿಡುತ್ತವೆ. ಧೂಮಪಾನ ಈ ಬೆಳವಣಿಗೆಯ ಶತ್ರು. ಬೆಸುಗೆ ಕೂಡದಿದ್ದರೆ ನೋವು ಮರಳಬಹುದು, ಕೆಲವೊಮ್ಮೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೂಡಿದ ಮೇಲೆ ಆ ಜಾಗದಲ್ಲಿ ಸವೆಯಲು ಏನೂ ಉಳಿದಿರುವುದಿಲ್ಲ.

ಕೂಡಿಸುವ ಬಗೆ: ಕೃತಕ ಬಿಲ್ಲೆ

ಕೀಲನ್ನು ಕಟ್ಟದೆ ಹೊಸ ಕೀಲು ಕೂಡಿಸುವ ಮೊದಲ ಪ್ರಯತ್ನ 1960ರ ದಶಕದ್ದು. ಸ್ವೀಡನ್ನಿನ ಉಲ್ಫ್ ಫರ್ನ್‌ಸ್ಟ್ರೋಮ್ ಮಣಿಗಳ ನಡುವೆ ಉಕ್ಕಿನ ಗುಂಡುಗಳನ್ನಿಟ್ಟರು. ಗುಂಡಿನ ಭಾರವೆಲ್ಲ ಒಂದು ಬಿಂದುವಿಗೆ ಬಿದ್ದು ಅವು ಮೆದು ಮೂಳೆಯೊಳಗೆ ಹೂತುಹೋಗತೊಡಗಿದವು. ಮಣಿಗೆ ಅಂಟಿ ಕೂರುವ ಭಾಗ ಅಗಲವಾಗಿರಬೇಕು, ಹೊರಳುವ ಭಾಗ ಅದರಿಂದ ಬೇರೆಯಾಗಿರಬೇಕು ಎಂಬ ಪಾಠ ಅದರಿಂದ ಸಿಕ್ಕಿತು. 1980ರ ದಶಕದ ಕೊನೆಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ರಯನ್ ಕಮಿನ್ಸ್ ಅವರ ತಂಡ ಗುಂಡು ಮತ್ತು ಬಟ್ಟಲಿನ ಮಾದರಿಯ ಕೀಲನ್ನು ರೂಪಿಸಿತು. ಅದೇ ವಂಶದ ಪ್ರೆಸ್ಟೀಜ್ ಎಂಬ ಬಿಲ್ಲೆಗೆ 2007ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. 2013ರಲ್ಲಿ ಮೋಬಿ-ಸಿ ಎಂಬುದಕ್ಕೆ ಪಕ್ಕಪಕ್ಕದ ಎರಡು ಕೀಲುಗಳಲ್ಲಿ ಬಳಸಲೂ ಒಪ್ಪಿಗೆ ದೊರೆಯಿತು.

ಇಂದಿನ ಹಲವು ಬಿಲ್ಲೆಗಳಲ್ಲಿ ಎರಡು ಲೋಹದ ತಟ್ಟೆಗಳಿದ್ದು ನಡುವೆ ನುಣುಪಾದ ಪ್ಲಾಸ್ಟಿಕ್ ಇರುತ್ತದೆ. ತಟ್ಟೆಗಳ ಒರಟು ಮೈಗೆ ಮೂಳೆ ಬೆಳೆದು ಅಂಟಿಕೊಳ್ಳುತ್ತದೆ, ನಡುವಿನ ನುಣುಪು ಮೈಯ ಮೇಲೆ ಚಲನೆ ನಡೆಯುತ್ತದೆ. ಆದರೆ ದೇಹ ಒಮ್ಮೊಮ್ಮೆ ಬಿಲ್ಲೆಯ ಸುತ್ತ ಬೇಡದ ಮೂಳೆ ಬೆಳೆಸಿ ಅದನ್ನೇ ಬಿಗಿದುಬಿಡುತ್ತದೆ. ಆಗ ಕೀಲು ಕೂಡಿಸಲು ಹೋದದ್ದು ಕೀಲು ಕಟ್ಟಿದಂತೆಯೇ ಆಗುತ್ತದೆ. ಬಿಲ್ಲೆ ಸಡಿಲವಾಗುವುದು, ಸವೆಯುವುದೂ ಉಂಟು. ಕೆಲವು ಲೋಹಗಳು ಮುಂದಿನ ಎಂಆರ್‌ಐ ಚಿತ್ರದ ಮೇಲೆ ಕರಿನೆರಳು ಹಾಯಿಸುತ್ತವೆ.

ಕ್ರೇಟಿನ ಸಾಲು

ಕೃತಕ ಬಿಲ್ಲೆಯ ಅಗತ್ಯವೇನಿತ್ತು ಎಂಬ ಎರಡನೆಯ ಪ್ರಶ್ನೆಗೆ ಉತ್ತರ ನೆರೆಯ ಕೀಲುಗಳಲ್ಲಿದೆ. ಆರು ಆಳುಗಳು ಸಾಲಾಗಿ ನಿಂತು ದ್ರಾಕ್ಷಿಯ ಕ್ರೇಟನ್ನು ಕೈಯಿಂದ ಕೈಗೆ ದಾಟಿಸಿ ಲಾರಿಗೆ ತುಂಬುತ್ತಿದ್ದಾರೆ ಎಂದುಕೊಳ್ಳೋಣ. ನಡುವಿನ ಒಬ್ಬ ಕೂತುಬಿಟ್ಟರೂ ಲಾರಿ ತುಂಬುತ್ತದೆ. ಆದರೆ ಅವನ ಎಡಬಲದವರು ಪ್ರತಿ ಸಲವೂ ಇನ್ನಷ್ಟು ಬಾಗಿ ಕೈ ಚಾಚಬೇಕು. ಸಂಜೆಗೆ ರಟ್ಟೆ ಹಿಡಿಯುವುದು ಮೊದಲು ಅವರಿಗೇ. ಒಂದು ಕೀಲು ಕಟ್ಟಿದಾಗ ಮೇಲಿನ, ಕೆಳಗಿನ ಕೀಲುಗಳು ಹೆಚ್ಚು ಬಾಗುತ್ತವೆ, ಅವುಗಳ ಬಿಲ್ಲೆಯ ಒಳಗಿನ ಒತ್ತಡ ಏರುತ್ತದೆ. ವರ್ಷಗಳು ಕಳೆದಂತೆ ಅವು ಬೇಗ ಸವೆಯಬಹುದು ಎಂಬುದು ಕೃತಕ ಬಿಲ್ಲೆಯ ಪರವಾದ ಮುಖ್ಯ ವಾದ.

ಅಮೆರಿಕದ ಅಲನ್ ಹಿಲಿಬ್ರ್ಯಾಂಡ್ ಮತ್ತು ಸಂಗಡಿಗರು ಬೆಸುಗೆಯಾದ 374 ರೋಗಿಗಳನ್ನು ಹಿಂಬಾಲಿಸಿ 1999ರಲ್ಲಿ ಲೆಕ್ಕ ಕೊಟ್ಟರು. ನೆರೆಯ ಕೀಲಿನಿಂದ ಹೊಸ ತೊಂದರೆ ಶುರುವಾಗುವುದು ವರ್ಷಕ್ಕೆ ಸರಾಸರಿ ಶೇ 2.9ರಷ್ಟು ಮಂದಿಯಲ್ಲಿ; ಹತ್ತು ವರ್ಷದಲ್ಲಿ ಸುಮಾರು ಕಾಲು ಭಾಗ ಮಂದಿಗೆ ಆಗಬಹುದು. ಆದರೆ ಅದೇ ಲೆಕ್ಕದಲ್ಲಿ ಒಂದು ತಿರುವೂ ಇತ್ತು. ಎರಡು, ಮೂರು ಕೀಲು ಕಟ್ಟಿಸಿಕೊಂಡವರಲ್ಲಿ ಈ ತೊಂದರೆ ಒಂದೇ ಕೀಲು ಕಟ್ಟಿಸಿಕೊಂಡವರಿಗಿಂತ ಕಡಿಮೆ. ನೆರೆಯವರ ಹೊರೆಯೊಂದೇ ಕಾರಣವಾಗಿದ್ದರೆ ಸಾಲಿನಲ್ಲಿ ಹೆಚ್ಚು ಜನ ಕೂತಷ್ಟೂ ಉಳಿದವರ ಪಾಡು ಕೆಡಬೇಕಿತ್ತು. ಹಾಗಾಗದಿರಲು ಕಾರಣ, ಉದ್ದನೆಯ ಬೆಸುಗೆಯಲ್ಲಿ ಸವೆಯುವ ಸ್ವಭಾವದ 5–6, 6–7ರ ಕೀಲುಗಳು ಆಗಲೇ ಸೇರಿಹೋಗಿರುತ್ತವೆ. ಒಂದೇ ಕೀಲು ಕಟ್ಟಿದಾಗ ಅವುಗಳಲ್ಲೊಂದು ಪಕ್ಕದಲ್ಲಿ ಉಳಿದಿರುತ್ತದೆ. ಅಂದರೆ ನೆರೆಯ ಕೀಲು ಕೆಡುವುದರಲ್ಲಿ ಬೆಸುಗೆಯ ಪಾಲೂ ಇದೆ, ವಯಸ್ಸಿನ ಪಾಲೂ ಇದೆ.

ಎರಡು ಚಿಕಿತ್ಸೆಗಳನ್ನು ಮುಖಾಮುಖಿ ಇಟ್ಟು ನೋಡಿದ ಪ್ರಯೋಗಗಳೂ ಇದನ್ನೇ ಸೂಚಿಸುತ್ತವೆ. ಪ್ರೆಸ್ಟೀಜ್ ಬಿಲ್ಲೆಯ ಪ್ರಯೋಗದಲ್ಲಿ 541 ರೋಗಿಗಳಿದ್ದರು. ತೋಳುನೋವು ಎರಡೂ ಗುಂಪಿನಲ್ಲಿ ಚೆನ್ನಾಗಿ ತಗ್ಗಿತು, ಏಕೆಂದರೆ ನರದ ಬಿಡುಗಡೆ ಇಬ್ಬರಿಗೂ ಆಗಿತ್ತು. ಇಂಥ ಪ್ರಯೋಗಗಳಲ್ಲಿ ವರ್ಷಗಳ ನಂತರ ಮತ್ತೆ ಶಸ್ತ್ರಚಿಕಿತ್ಸೆಗೆ ಬಂದವರು ಸಾಮಾನ್ಯವಾಗಿ ಬಿಲ್ಲೆಯ ಗುಂಪಿನಲ್ಲಿ ಕಡಿಮೆ. ಹಲವು ಪ್ರಯೋಗಗಳ ಖರ್ಚು ಬಿಲ್ಲೆ ತಯಾರಿಸುವ ಕಂಪನಿಗಳದೇ ಎಂಬುದನ್ನೂ, ಆರಿಸಿದ ರೋಗಿಗಳ ಕೀಲು ಬಹುಮಟ್ಟಿಗೆ ಚೆನ್ನಾಗಿತ್ತೆಂಬುದನ್ನೂ ನೆನಪಿಡಬೇಕು. ಬಿಲ್ಲೆಯ ಲಾಭ ಬಡ್ಡಿಯಂಥದ್ದು: ಕೈಗೆ ಒಮ್ಮೆಲೇ ಬರುವುದಿಲ್ಲ, ಮುಂದಿರುವ ವರ್ಷಗಳ ಮೇಲೆ ಕೂಡುತ್ತದೆ.

ಯಾವ ಕುತ್ತಿಗೆಗೆ ಯಾವುದು

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ, ಉಳಿಸಲು ಚಲನೆ ಇದೆಯೇ ಎಂಬುದು. ಗೋಣು ಮುಂದೆ ಬಗ್ಗಿಸಿ ಒಂದು, ಹಿಂದೆ ಚೆಲ್ಲಿ ಒಂದು ಎಕ್ಸ್‌ರೇ ತೆಗೆದರೆ ಆ ಕೀಲು ಆಡುತ್ತಿದೆಯೇ ಎಂದು ಗೊತ್ತಾಗುತ್ತದೆ. ಇದು ಸರಳ ಪರೀಕ್ಷೆ. ವಿಜಯಪುರದಲ್ಲಿಯೇ ಅಲ್-ಅಮೀನ್ (1984) ಮತ್ತು ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ (1986) ವೈದ್ಯಕೀಯ ಕಾಲೇಜುಗಳಿವೆ. ಮಿರಜ, ಸೊಲ್ಲಾಪುರ, ಬೆಂಗಳೂರಿನ ದಾರಿ ಹಿಡಿಯುವ ಮುನ್ನ ಈ ಎರಡು ಚಿತ್ರಗಳು ಕೈಯಲ್ಲಿದ್ದರೆ ಮಾತು ಸುಲಭವಾಗುತ್ತದೆ.

ಬಿಲ್ಲೆ ಪೂರ್ತಿ ತಗ್ಗಿ ಕೀಲು ಆಗಲೇ ಬಿಗಿದಿದ್ದರೆ ಕೃತಕ ಬಿಲ್ಲೆಯಿಂದ ಉಪಯೋಗವಿಲ್ಲ. ಮಣಿಗಳ ಹಿಂಬದಿಯ ಚಿಕ್ಕ ಕೀಲುಗಳು ಸವೆದಿದ್ದರೆ ಚಲನೆ ಉಳಿಸುವುದೆಂದರೆ ನೋವನ್ನೂ ಉಳಿಸುವುದು. ಇದಕ್ಕೆ ತದ್ವಿರುದ್ಧವಾಗಿ ಮಣಿಗಳು ಬಗ್ಗಿದಾಗ 3.5 ಮಿಲಿಮೀಟರಿಗಿಂತ ಹೆಚ್ಚು ಜಾರುತ್ತಿದ್ದರೆ ಅಲ್ಲಿ ಬೇಕಾದದ್ದು ಬಿಗಿತವೇ. ಮೂಳೆ ಟೊಳ್ಳಾಗಿದ್ದರೆ ತಟ್ಟೆಗಳು ಹೂತುಹೋಗುತ್ತವೆ. ಸೋಂಕು, ಲೋಹದ ಅಲರ್ಜಿ, ಮುಂದಕ್ಕೆ ಗೂನಾದ ಕುತ್ತಿಗೆ ಇವೂ ಬಿಲ್ಲೆಗೆ ಅಡ್ಡಿ. ಇಂಥಲ್ಲೆಲ್ಲ ಶಸ್ತ್ರಚಿಕಿತ್ಸೆ ಬೇಕೇ ಆದರೆ ಸಾಮಾನ್ಯವಾಗಿ ಬೆಸುಗೆಯೇ ದಾರಿ.

ಒಣನಾಡಿನ ರೋಗಿಗಳಲ್ಲಿ ನೋಡಬೇಕಾದ ಇನ್ನೊಂದು ಸಂಗತಿಯಿದೆ. ವಿಜಯಪುರವೂ ಸೇರಿ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಬಹಳ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮಣಿಗಳನ್ನು ಹಿಡಿದಿಡುವ ನಾರಿನ ಪಟ್ಟಿಗಳು ಮೂಳೆಯಾಗಿ ಮಾರ್ಪಟ್ಟು ಬೆನ್ನುಹುರಿಯನ್ನು ಒತ್ತಬಹುದು. ಪಟ್ಟಿಯೇ ಮೂಳೆಯಾಗುತ್ತಿರುವ ಕುತ್ತಿಗೆಯಲ್ಲಿ ಆಡುವ ಬಿಲ್ಲೆ ಕೂರಿಸುವುದು ಸರಿಹೊಂದುವುದಿಲ್ಲ. ಅಲ್ಲಿ ಎಷ್ಟೋ ಸಲ ಹಿಂಬದಿಯಿಂದ ಜಾಗ ಅಗಲಿಸುವ ಬೇರೆಯೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಕೃತಕ ಬಿಲ್ಲೆ ಹೊಂದುವುದು ಒಂದು ಅಥವಾ ಎರಡು ಕಡೆ ಬಿಲ್ಲೆ ಜಾರಿ ನರ ಒತ್ತಿರುವ, ಹಿಂಬದಿ ಕೀಲು ಚೆನ್ನಾಗಿರುವ, ಮೂಳೆ ಗಟ್ಟಿಯಿರುವ ನಡುವಯಸ್ಸಿನವರಿಗೆ. ಬಿಲ್ಲೆಯ ಬೆಲೆ ಸಾಮಾನ್ಯವಾಗಿ ಹೆಚ್ಚು. ಎರಡೂ ಒಪ್ಪುವ ಕುತ್ತಿಗೆಯಾದರೆ ಮುಂದಿರುವ ವರ್ಷಗಳು, ಕೈಯಲ್ಲಿರುವ ಹಣ, ಆ ಬಿಲ್ಲೆಯಲ್ಲಿ ಶಸ್ತ್ರವೈದ್ಯರಿಗಿರುವ ಅನುಭವ ಇವುಗಳ ಮೇಲೆ ತೀರ್ಮಾನ ನಿಲ್ಲುತ್ತದೆ. ಎರಡು ಕೀಲು ಕೆಟ್ಟಾಗ ಒಂದನ್ನು ಕಟ್ಟಿ ಇನ್ನೊಂದಕ್ಕೆ ಬಿಲ್ಲೆ ಹಾಕುವುದೂ ರೂಢಿಯಲ್ಲಿದೆ.

ಮತ್ತೆ ಚಪ್ಪರದಡಿಗೆ

ಎರಡರಲ್ಲಿ ಯಾವುದೇ ಆದರೂ ರೋಗಿ ಬಹುತೇಕ ಅದೇ ದಿನ ಅಥವಾ ಮರುದಿನ ಎದ್ದು ನಡೆಯುತ್ತಾನೆ. ಬಿಲ್ಲೆ ಹಾಕಿದವರಿಗೆ ಕುತ್ತಿಗೆಪಟ್ಟಿ ಸಾಮಾನ್ಯವಾಗಿ ಬೇಡ; ಕೀಲನ್ನು ಆಡಿಸುತ್ತಿರಲು ಬೇಗನೆ ಹೇಳುತ್ತಾರೆ. ಬೆಸುಗೆಯಾದವರು ಮೂಳೆ ಕೂಡುವ ತನಕ, ಅಂದರೆ ಕೆಲವು ತಿಂಗಳು, ಹೊರೆ ಹೊರಬಾರದು, ಬೀಡಿ ಸಿಗರೇಟು ಮುಟ್ಟಬಾರದು. ಎಕ್ಸ್‌ರೇಯಲ್ಲಿ ಬೆಸುಗೆ ಕೂಡಿದ್ದು ಕಂಡ ಮೇಲೆ ಹೊಲದ ಕೆಲಸಕ್ಕೆ ಮರಳಬಹುದು. ಆಗಲೂ ಚಾಟ್ನಿಯ ದಿನಗಳಲ್ಲಿ ಮುಖ ಮೇಲೆತ್ತಿ ತಾಸುಗಟ್ಟಲೆ ನಿಲ್ಲುವ ಬದಲು ಚಿಕ್ಕ ಮಣೆಯ ಮೇಲೆ ನಿಂತು ಕಣ್ಣಿನ ಮಟ್ಟಕ್ಕೆ ಬಳ್ಳಿ ತಂದುಕೊಳ್ಳುವುದು, ನಡುನಡುವೆ ಗೋಣು ಇಳಿಸುವುದು ಒಳ್ಳೆಯದು. ಕಟ್ಟಿದ ಕೀಲಿಗಾಗಲಿ ಕೂಡಿಸಿದ ಕೀಲಿಗಾಗಲಿ ಇದರಿಂದ ಆಗುವ ಉಪಕಾರಕ್ಕಿಂತ, ಶಸ್ತ್ರವೈದ್ಯರು ಮುಟ್ಟದೆ ಬಿಟ್ಟ ಉಳಿದ ಬಿಲ್ಲೆಗಳಿಗೆ ಆಗುವ ಉಪಕಾರ ದೊಡ್ಡದು.